ಆವುಲಪ್ಪನ ಅಂಗಡಿಯ ಕುದುರೆ ಕೊಕ್ಕೆ

ಮಂಚೇನಹಳ್ಳಿ ಬಸ್ ನಿಲ್ದಾಣದ ಎದುರಿನ ಆವುಲಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ನಲ್ಲಿ, ಹಗ್ಗ, ಬೀಗ, ಪೈಪು ಎಲ್ಲವೂ ಸಿಗುತ್ತಿತ್ತು. ಸಿಗದೇ ಇದ್ದದ್ದು "ಇಲ್ಲ" ಎನ್ನುವ ಮಾತೊಂದೇ. ಅಂಗಡಿ ವಹಿಸಿಕೊಡುವಾಗ ಅವನ ತಂದೆ, ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಆ ಮಾತಾಡಿದರೆ ಲಕ್ಷ್ಮಿ ಹಿಂಬಾಗಿಲಿನಿಂದ ಹೊರಟುಹೋಗುತ್ತಾಳೆ ಎಂದು ಎಚ್ಚರಿಸಿದ್ದರು. ಆ ಅಂಗಡಿಗೆ ಹಿಂಬಾಗಿಲೇ ಇರಲಿಲ್ಲ. ಆದರೂ ಆವುಲಪ್ಪ ಇಪ್ಪತ್ತೆರಡು ವರ್ಷ ಅಪಾಯಕ್ಕೆ ಅವಕಾಶ ಕೊಟ್ಟಿರಲಿಲ್ಲ.

ಮನೆಯಲ್ಲಿ ಅಕ್ಕಿ ಮುಗಿದಾಗ "ಅಕ್ಕಿ ತುಂಬಿದೆ" ಎನ್ನುವುದು ಎಲ್ಲ ಹೆಂಗಸರ ರೂಢಿ. ಆವುಲಪ್ಪ ಅದನ್ನು ವ್ಯಾಪಾರಕ್ಕೂ ತಂದು, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. ಕೇಳಿದ್ದು ಇಲ್ಲದಿದ್ದರೆ ಇದ್ದದ್ದನ್ನೇ ಅದೆಂದು ಕೊಡುತ್ತಿದ್ದ. ಕುಕ್ಕರಿನ ರಬ್ಬರು ಕೇಳಿದವರಿಗೆ ಸೈಕಲ್ ಟ್ಯೂಬು ಕತ್ತರಿಸಿ ಕೊಟ್ಟ. ಶಾಲೆಯ ಗಂಟೆ ಬಾರಿಸುವ ಸುತ್ತಿಗೆ ಕೇಳಿದ ಮೇಷ್ಟ್ರಿಗೆ ಟ್ರ್ಯಾಕ್ಟರಿನ ಬೋಲ್ಟು ಕೊಟ್ಟ. ಈಗ ಆ ಗಂಟೆ ತೊಂಡೇಬಾವಿಗೂ ಕೇಳಿಸುತ್ತದೆ ಎನ್ನುವವರಿದ್ದಾರೆ. ಹೆಚ್ಚಿನ ಸಲ ಹೇಗೋ ನಡೆದುಹೋಗುತ್ತಿತ್ತು. ನಡೆಯದೇ ಇದ್ದಾಗ ಗಿರಾಕಿ ತನ್ನ ಕುಕ್ಕರನ್ನೇ ಬೈದುಕೊಳ್ಳುತ್ತಿದ್ದ. ಹೀಗಾಗಿ ಅಂಗಡಿಯ ಹೆಸರು ಕೆಡಲಿಲ್ಲ.

ಹೆಸರು ಹೀಗೆ ಭದ್ರವಾಗಿದ್ದ ಕಾಲದಲ್ಲಿ ಆವುಲಪ್ಪನ ಅಕ್ಕ ಕೊಂಡಮ್ಮನ ಮಗಳು ಕವಿತಳಿಗೆ ಮದುವೆ ಗೊತ್ತಾಯಿತು. ಕವಿತ ನಾಲ್ಕು ವರ್ಷದವಳಿದ್ದಾಗಲೇ ತಂದೆ ತೀರಿಕೊಂಡಿದ್ದರು. ಅವಳಿಗೆ ಸ್ಲೇಟು ಕೊಡಿಸಿದ್ದರಿಂದ ಹಿಡಿದು ಬಿ.ಎಡ್. ಓದಿಸುವವರೆಗೆ ಎಲ್ಲವನ್ನೂ ಸೋದರಮಾವ ಆವುಲಪ್ಪನೇ ನೋಡಿಕೊಂಡಿದ್ದ. ತನ್ನ ಎರಡು ಗಂಡುಮಕ್ಕಳಿಗಿಂತ ಅವಳ ಮೇಲೆ ಅವನಿಗೆ ಒಂದು ತೂಕ ಹೆಚ್ಚು ಪ್ರೀತಿ. ಗಂಡು ಚಿರಂಜೀವಿ, ಚಿಂತಾಮಣಿಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಹುಡುಗ ಚೆನ್ನ, ಹುಡುಗಿಗೂ ಒಪ್ಪಿಗೆ. ತೊಂದರೆ ಇದ್ದದ್ದು ಹುಡುಗನ ತಂದೆಯ ಕಡೆಯಿಂದ.

ಮುನಿಶಾಮಪ್ಪನವರು ಕೆಟ್ಟವರಲ್ಲ. ಕೊಡು, ತಾ ಎಂದು ಕೇಳಿದವರೂ ಅಲ್ಲ. ಅವರಿಗೆ ಬೇಕಾಗಿದ್ದು ಮರ್ಯಾದೆ ಮಾತ್ರ. ತಮ್ಮನ ಮಗನ ಮದುವೆಯಲ್ಲಿ ಹೋಳಿಗೆಗೆ ಎರಡನೇ ಸಲ ತುಪ್ಪ ಕೇಳಲಿಲ್ಲವೆಂದು ಅರ್ಧ ಎಲೆಯಲ್ಲಿ ಎದ್ದು ಬಂದವರು. ಕವಿತಳ ನಿಶ್ಚಿತಾರ್ಥದ ದಿನ ಕಾಫಿ ಪೇಪರ್ ಲೋಟದಲ್ಲಿ ಬಂದಿತೆಂದು ಚಪ್ಪಲಿ ಮೆಟ್ಟಿಕೊಂಡಿದ್ದರು. ಆವುಲಪ್ಪ ಓಡಿಹೋಗಿ ಸ್ಟೀಲ್ ಲೋಟದಲ್ಲಿ ಮತ್ತೆ ಕೊಟ್ಟ ಮೇಲೆ ಚಪ್ಪಲಿ ಬಿಟ್ಟರು. ಅವತ್ತಿನಿಂದ ಕೊಂಡಮ್ಮನ ಎದೆ ಹೊಡೆದುಕೊಳ್ಳುವುದು ನಿಂತಿರಲಿಲ್ಲ.

ಮದುವೆಗೆ ಹತ್ತು ದಿನ ಇರುವಾಗ ಈ ಮುನಿಶಾಮಪ್ಪನವರು ನೇರವಾಗಿ ಅಂಗಡಿಗೇ ಬಂದರು. ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಒಂದು ತುಂಡು ಕಬ್ಬಿಣ ಇತ್ತು.

"ಆವುಲಪ್ಪನವ್ರೇ, ನಮ್ ಹುಡುಗ ಸಾರೋಟಲ್ಲಿ ಬರ್ತಾನೆ," ಎಂದರು. "ನಮ್ಮಣ್ಣನ ಮಗ ಜೆಸಿಬಿ ಮೇಲೆ ಕೂತ್ಕೊಂಡು ಬಂದ. ಅದೇನು ಮದುವೇನಾ, ಚರಂಡಿ ಕೆಲಸಾನಾ? ಚಿಂತಾಮಣೀಲಿ ಪ್ಯಾರೇಜಾನ್ ಸಾಬ್ರ ಸಾರೋಟು ಗೊತ್ತು ಮಾಡಿದೀನಿ. ಗಾಡಿ ಬೋ ಚೆಂದಾಗೈತೆ. ಇದೊಂದು ಮುರಿದೋಗೈತೆ ನೋಡಿ."

ಆವುಲಪ್ಪ ನೋಡಿದ. ಕುದುರೆಯ ಎದೆಪಟ್ಟಿಯಿಂದ ಎರಡು ಚರ್ಮದ ಪಟ್ಟಿಗಳು ಹಿಂದಕ್ಕೆ ಬರುತ್ತವೆ. ಅವನ್ನು ಗಾಡಿಯ ಮುಂದಿನ ಅಡ್ಡಮರಕ್ಕೆ ತಗಲಿಸಲು ಎರಡು ಕೊಕ್ಕೆಗಳಿರುತ್ತವೆ. ಕುದುರೆ ಗಾಡಿಯನ್ನು ಎಳೆಯುವುದು ಆ ಎರಡು ಕೊಕ್ಕೆಗಳ ಬಲದಿಂದಲೇ. ಅಂಥದೊಂದರ ಅರ್ಧ ಭಾಗ ಪತ್ರಿಕೆಯಲ್ಲಿ ಮಲಗಿತ್ತು. ಆವುಲಪ್ಪ ತನ್ನ ಜನ್ಮದಲ್ಲಿ ಅದನ್ನು ಕಂಡಿರಲಿಲ್ಲ.

"ಇಂಥದ್ದು ಒಂದು ಜೊತೆ ಐತಾ? ಚಿಂತಾಮಣೀಲಿ ಇಲ್ಲಂದ್ರು, ಶಿಡ್ಲಘಟ್ಟದಲ್ಲಿ ಇಲ್ಲಂದ್ರು."

ಎರಡು ಊರಿನವರು ಹೇಳಿದ ಮಾತನ್ನೇ ಮೂರನೆಯವನೂ ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು.

"ಐತೆ," ಎಂದ ಆವುಲಪ್ಪ. ಅಷ್ಟಕ್ಕೆ ನಿಲ್ಲದೆ, "ಯಾವ ಸೈಜು ಕುದುರೆ?" ಎಂದೂ ಕೇಳಿದ.

ಮುನಿಶಾಮಪ್ಪನವರ ಮುಖ ಅರಳಿತು. "ಓಹೋ! ಕುದುರೆ ವಿಷಯ ಗೊತ್ತಾ ನಿಮಗೆ?"

"ನಮ್ ತಾತನ ಕಾಲದಿಂದ..." ಎಂದು ಆವುಲಪ್ಪ ವಾಕ್ಯವನ್ನು ಅಲ್ಲಿಗೇ ಬಿಟ್ಟ. ಅವನ ತಾತ ಜೀವಮಾನವಿಡೀ ಒಂದು ಎಮ್ಮೆ ಸಾಕಿದ್ದರು. ಆದರೆ ಮುನಿಶಾಮಪ್ಪನವರು ವಾಕ್ಯದ ಉಳಿದ ಅರ್ಧವನ್ನು ತಾವೇ ತುಂಬಿಕೊಂಡು ಚಿಂತಾಮಣಿಗೆ ಹೋದರು. ಎರಡು ದಿನದಲ್ಲಿ ಗಂಡಿನ ಕಡೆಯವರಿಗೆಲ್ಲ ಹೆಣ್ಣಿನ ಸೋದರಮಾವನದು ಕುದುರೆ ಸಾಕಿದ ಮನೆತನವೆಂದು ತಿಳಿದುಹೋಯಿತು. ಹೋಗುವ ಮೊದಲು ಅವರು ಇನ್ನೊಂದು ಮಾತೂ ಹೇಳಿದ್ದರು.

"ಒಂದೇ ಮಾತು. ಹುಡುಗ ಸಾರೋಟಲ್ಲೇ ಛತ್ರದ ಬಾಗಿಲಿಗೆ ಬರಬೇಕು. ಭಾನುವಾರ ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಆರತಿ ಆಗ್ಬೇಕು. ಆರತಿಗೆ ಮುಂಚೆ ಅವನ ಕಾಲು ನೆಲಕ್ಕೆ ತಾಕಿದ್ರೆ, ಅಲ್ಲಿಂದಲೇ ವಾಪಸ್ಸು. ಆಮೇಲೆ ನನ್ನ ಅನ್ಬೇಡಿ."

ಆವುಲಪ್ಪ ಕೊಕ್ಕೆಗಾಗಿ ಪ್ರಯತ್ನ ಪಡಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಬೆಂಗಳೂರಿನ ಸಗಟು ವ್ಯಾಪಾರಿಗೆ ಫೋನ್ ಮಾಡಿದ. ಆತ ಸ್ವಲ್ಪವೂ ನಾಚಿಕೆಯಿಲ್ಲದೆ ಇಲ್ಲ ಎಂದುಬಿಟ್ಟ. ಗೌರಿಬಿದನೂರಿನ ವೆಲ್ಡಿಂಗ್ ಅಂಗಡಿಯವನು ಕಿಟಕಿ ಸರಳಾದರೆ ಮಾಡಿಕೊಡುತ್ತೇನೆಂದ. ಎಂಟನೇ ದಿನ ಆವುಲಪ್ಪ ಅಂಗಡಿಯ ಮೇಲಿನ ಅಟ್ಟ ಹತ್ತಿ, ದೂಳು ಕೊಡವಿಕೊಂಡು, ಎರಡು ದಪ್ಪ ಕೊಕ್ಕೆ ಕೆಳಗಿಳಿಸಿದ. ಅವಕ್ಕೆ ಕಪ್ಪು ಬಣ್ಣ ಬಳಿದು ಬಿಸಿಲಿಗಿಟ್ಟ.

ಹೆಂಡತಿ ವರಲಕ್ಷ್ಮಮ್ಮ ಊಟದ ಕ್ಯಾರಿಯರ್ ತಂದವಳು ನಿಂತು ನೋಡಿದಳು.

"ರೀ, ಇದು ತೊಟ್ಟಿಲು ಕೊಕ್ಕೆ ಅಲ್ವಾ?"

"ಆಗಿತ್ತು," ಎಂದ ಆವುಲಪ್ಪ.

"ಮದುವೆಗೆ ಮುಂಚೇನೇ ತೊಟ್ಟಿಲು ಕೊಕ್ಕೆ ಕೊಟ್ರೆ ಏನಂತಾರೆ ಜನ?"

"ಬಣ್ಣ ಬಳಿದಿದೀನಲ್ಲ, ಯಾರಿಗೆ ಗೊತ್ತಾಗತ್ತೆ? ಮಗು ತೂಕ ತಡೆಯೋದು ಕುದುರೆ ತೂಕ ತಡೆಯಲ್ವಾ?"

ಇದರಲ್ಲಿ ಎಲ್ಲೋ ತಪ್ಪಿದೆ ಎಂದು ವರಲಕ್ಷ್ಮಮ್ಮನಿಗೆ ಅನ್ನಿಸಿತು. ಎಲ್ಲಿ ಎಂದು ಹೊಳೆಯುವ ಮೊದಲೇ ಸಾರು ತಣ್ಣಗಾಗುತ್ತಿತ್ತು, ಬಡಿಸಿದಳು.

ಮರುದಿನ ಮೆರವಣಿಗೆಗೆ ಅನುಮತಿ ಕೇಳಲು ಪೊಲೀಸ್ ಠಾಣೆಗೆ ಹೋಗಬೇಕಾಯಿತು. ದಫೇದಾರರು ಅರ್ಜಿ ಓದಿ ಕನ್ನಡಕ ತೆಗೆದರು.

"ಕಾರಾದ್ರೆ ಆರ್‌ಟಿಓ ಅವ್ರು ನೋಡ್ತಾರೆ. ಕುದುರೆ ಗಾಡಿ ಗಟ್ಟಿಯಾಗೈತೆ ಅಂತ ನನಗೆ ಯಾರಪ್ಪ ಹೇಳೋರು?"

"ನಾನೇ ಹೇಳ್ತಿದೀನಲ್ಲ ಸಾರ್."

"ನೀನು ಯಾರಂತ ಬರ್ಕೊಳ್ಳಲಿ? ಮೊಳೆ ಅಂಗಡಿಯವನು ಅಂತ ಬರೆದ್ರೆ ಸಾಹೇಬ್ರು ಒಪ್ಪಲ್ಲ. ಇಂಥ ಗಾಡಿ ವಿಷಯ ತಿಳಿದೋರು ಯಾರಾದ್ರೂ ಇದಾರಾ ಊರಲ್ಲಿ?"

ಆವುಲಪ್ಪ ಸುತ್ತ ನೋಡಿದ. ಠಾಣೆಯಲ್ಲಿ ಬೇರೆ ಯಾರೂ ಇರಲಿಲ್ಲ. "ಇದಾರೆ," ಎಂದ. ದಫೇದಾರರು "ಕುದುರೆ ಗಾಡಿ ತಜ್ಞರು" ಎಂದು ಬರೆದು, ಅದರ ಕೆಳಗೆ ಅವನ ಸಹಿ ಹಾಕಿಸಿಕೊಂಡು, ಎದ್ದು ಕೈ ಕುಲುಕಿದರು. ಸರ್ಕಾರದ ದಾಖಲೆಯಲ್ಲಿ ಬಂದಮೇಲೆ ಆವುಲಪ್ಪನಿಗೂ ತನ್ನ ಬಗ್ಗೆ ಇದ್ದ ಅಲ್ಪಸ್ವಲ್ಪ ಸಂಶಯ ಹೋಯಿತು.

ಭಾನುವಾರ ಮಧ್ಯಾಹ್ನ ಸಾರೋಟು ಒಂದು ಲಾರಿಯಲ್ಲೂ, ಕುದುರೆ ಒಂದು ಪಿಕಪ್ ಗಾಡಿಯಲ್ಲೂ ಬಂದಿಳಿದವು. ಬಿಳಿಯ ಹೆಣ್ಣು ಕುದುರೆ, ಹೆಸರು ಬಿಜಲಿ, ಅಂದರೆ ಮಿಂಚು. ಹದಿನಾಲ್ಕು ವರ್ಷದಲ್ಲಿ ಆರು ನೂರು ಮದುವೆ ಮುಗಿಸಿದ್ದ ಅದು ಹೆಸರಿಗೆ ತಕ್ಕಂತೆ ಒಮ್ಮೆಯೂ ನಡೆದುಕೊಂಡಿರಲಿಲ್ಲ. ಬ್ಯಾಂಡು ಮುಂದೆ ಹೋದರೆ ಅದರ ಹಿಂದೆ ಹೋಗುವುದು, ಬ್ಯಾಂಡು ನಿಂತರೆ ನಿಲ್ಲುವುದು, ಇಷ್ಟೇ ಅದರ ವಿದ್ಯೆ. ಪ್ಯಾರೇಜಾನ್ ಸಾಬರು ಲಗಾಮು ಹಿಡಿಯುತ್ತಿದ್ದದ್ದು ನೋಡುವವರ ಸಮಾಧಾನಕ್ಕಾಗಿ.

ಸಾಬರು ಕೊಕ್ಕೆಗಳನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು.

"ಯೇ ಕ್ಯಾ ಹೈ ಭಾಯ್? ಇದಕ್ಕೆ ಬಾಯಿ ತೆರೆದೇ ಐತೆ. ಮುಚ್ಚೋದು ಎಲ್ಲಿ?"

"ಹೊಸ ಮಾಡಲ್ಲು ಸಾಬ್ರೇ."

"ನಮ್ದು ಅಬ್ಬಾ, ದಾದಾ, ಎಲ್ಲರ್ದೂ ಇದೇ ಕೆಲಸ. ಯಾರೂ ಇಂಥದ್ದು ನೋಡಿಲ್ಲ."

"ಅದಕ್ಕೇ ಹೊಸ ಮಾಡಲ್ಲು ಅಂದಿದ್ದು."

ಪಕ್ಕದಲ್ಲೇ ನಿಂತಿದ್ದ ಮುನಿಶಾಮಪ್ಪನವರು, "ಅವ್ರಿಗೆ ಹೇಳ್ಕೊಡ್ಬೇಡಿ ಸಾಬ್ರೇ, ಪೊಲೀಸ್ನೋರೇ ಬರ್ಕೊಟ್ಟವ್ರೆ," ಎಂದರು. ಸಾಬರು ಕೊಕ್ಕೆ ತಗಲಿಸಿದರು. ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿದರು. ಗಾಡಿ ನಾಲ್ಕು ಹೆಜ್ಜೆ ಬಂತು. ಆವುಲಪ್ಪ ವರಲಕ್ಷ್ಮಮ್ಮನ ಕಡೆ ತಿರುಗಿ ಹುಬ್ಬು ಹಾರಿಸಿದ. ಅವಳು ಛತ್ರಕ್ಕೆ ಆರತಿ ತಟ್ಟೆ ಸಿದ್ಧ ಮಾಡಲು ಹೋದಳು.

ಮೂರೂವರೆಗೆ ಸರಿಯಾಗಿ ಗಣೇಶನ ಗುಡಿಯಿಂದ ಮೆರವಣಿಗೆ ಹೊರಟಿತು. ಮುಂದೆ ಬ್ಯಾಂಡು, ಬ್ಯಾಂಡಿನ ಹಿಂದೆ ಕುಣಿಯುವವರು, ಅವರ ಹಿಂದೆ ಬಿಜಲಿ, ಅದರ ಹಿಂದೆ ಸಾರೋಟು. ಮುಂದಿನ ಹಲಗೆಯ ಮೇಲೆ ಸಾಬರು, ಅವರ ಪಕ್ಕದಲ್ಲಿ ರೇಷ್ಮೆ ಪಂಚೆ ಉಟ್ಟು, ಜರಿ ಶಲ್ಯ ಹೊದ್ದ ತಜ್ಞರು. ಹಿಂದಿನ ಸೀಟಿನಲ್ಲಿ ಚಿರಂಜೀವಿ. ಎಲ್ಲಕ್ಕಿಂತ ಹಿಂದೆ ಕಾರಿನಲ್ಲಿ ಮುನಿಶಾಮಪ್ಪನವರು. ಸಾರೋಟಿನ ದೊಡ್ಡ ಛತ್ರಿ ಅಡ್ಡವಾಗಿ ಅವರಿಗೆ ಮುಂದಿನದೇನೂ ಕಾಣುತ್ತಿರಲಿಲ್ಲ. ಛತ್ರ ಒಂದು ಕಿಲೋಮೀಟರು ದೂರ.

ಅರ್ಧ ದಾರಿ ಸುಖವಾಗಿ ಸಾಗಿತು. ಆಮೇಲೆ ಕುಣಿಯುವವರು ಬೇಕರಿಯ ಎದುರು ನಿಂತರು. ಬ್ಯಾಂಡು ನಿಂತಿತು, ಬಿಜಲಿಯೂ ನಿಂತಿತು.

ತೊಟ್ಟಿಲು ಹಗಲು ರಾತ್ರಿ ಕೆಳಕ್ಕೇ ಜಗ್ಗುತ್ತದೆ. ಹಾಗಾಗಿ ತೊಟ್ಟಿಲಿನ ಕೊಕ್ಕೆಗೆ ಬಾಯಿ ಮುಚ್ಚುವ ಅಗತ್ಯವಿಲ್ಲ. ಕುದುರೆ ಹಾಗಲ್ಲ, ನಿಂತರೆ ಪಟ್ಟಿ ಸಡಿಲವಾಗುತ್ತದೆ. ಈ ವ್ಯತ್ಯಾಸ ತಜ್ಞರಿಗೆ ಆ ಕ್ಷಣದಲ್ಲಿ ತಿಳಿಯಿತು. ಎಡಗಡೆಯ ಕೊಕ್ಕೆ ಟಣ್ ಎಂದು ರಸ್ತೆಗೆ ಬಿತ್ತು. ಏನೆಂದು ಸಾಬರು ಬಗ್ಗುವಷ್ಟರಲ್ಲಿ ಬಲಗಡೆಯದೂ ಬಿತ್ತು. ಅದೇ ಹೊತ್ತಿಗೆ ಬ್ಯಾಂಡಿನವರು ಮತ್ತೆ ಹೆಜ್ಜೆ ಹಾಕಿದರು. ಬಿಜಲಿ ತನ್ನ ಕರ್ತವ್ಯ ಮರೆಯಲಿಲ್ಲ, ಹೊರಟಿತು. ಅದರ ಎರಡು ಪಕ್ಕಕ್ಕೆ ಚಾಚಿದ್ದ ಗಾಡಿಯ ಉದ್ದನೆಯ ಮರಗಳು ನಯವಾಗಿ ಜಾರಿ ನೆಲಕ್ಕೆ ಬಿದ್ದವು. ಲಗಾಮು ಕೈಯಲ್ಲಿ ಹಿಡಿದಿದ್ದ ಪ್ಯಾರೇಜಾನ್ ಸಾಬರು ಹಲಗೆಯಿಂದ ಇಳಿದು, ಇಳಿದರೋ ಬಿದ್ದರೋ ಹೇಳುವುದು ಕಷ್ಟ, "ಯಾ ಅಲ್ಲಾ, ರುಕೋ! ರುಕೋ!" ಎನ್ನುತ್ತ ಕುದುರೆಯ ಹಿಂದೆ ಓಡಿದರು. ಬ್ಯಾಂಡಿನ ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ. ಕುಣಿಯುವವರು ಒಮ್ಮೆ ಹಿಂತಿರುಗಿ ನೋಡಿದರು, ಕುದುರೆ ಬರುತ್ತಿತ್ತು, ಮತ್ತೆ ಕುಣಿದರು. ತಿರುವಿನಲ್ಲಿ ಎಲ್ಲರೂ ಮರೆಯಾದರು.

ಸಾರೋಟು, ಆವುಲಪ್ಪ, ಮದುವೆ ಗಂಡು ಬೇಕರಿಯ ಮುಂದೆ ಉಳಿದರು.

"ಮಾವ," ಎಂದ ಚಿರಂಜೀವಿ ಮೆಲ್ಲಗೆ, "ಕುದುರೆ ಹೋಯ್ತು."

"ಬರತ್ತೆ," ಎಂದ ಆವುಲಪ್ಪ.

"ನಡ್ಕೊಂಡೇ ಹೋಗಣ ಮಾವ. ಐದು ನಿಮಿಷದ ದಾರಿ." ಹುಡುಗ ಒಂದು ಕಾಲು ಮೆಟ್ಟಿಲಿಗೆ ಇಳಿಸಿದ.

"ಅಯ್ಯೋ, ಕಾಲು ಮೇಲೆ! ಮೇಲೆ ತಗೊಳ್ಳಪ್ಪ!" ಆವುಲಪ್ಪ ಕೂಗಿದ ರಭಸಕ್ಕೆ ಬೇಕರಿಯವನು ಕೂಡ ತನ್ನ ಕಾಲು ಎತ್ತಿಕೊಂಡ. ಹಿಂದಿನಿಂದ ಕಾರಿನ ಹಾರನ್ನು ಕೇಳಿಸಿತು. "ಏಮಯ್ಯಾ, ಯಾಕೆ ನಿಂತೈತೆ?" ಎಂದು ಮುನಿಶಾಮಪ್ಪನವರ ದನಿ ಬಂತು.

"ದೃಷ್ಟಿ ತೆಗೀತಿದಾರೆ!" ಎಂದ ಆವುಲಪ್ಪ.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ವರಲಕ್ಷ್ಮಮ್ಮ.

"ರೀ, ಕುದುರೆ ಬಂತು. ಗಂಡೆಲ್ಲಿ?"

"ಹಿಂದೆ ಬರ್ತೈತೆ."

"ಎಷ್ಟು ಹಿಂದೆ? ಆರತಿ ಎತ್ತೋ ಗಂಗುಲಮ್ಮಜ್ಜಿಗೆ ಕಣ್ಣು ಕಾಣಲ್ಲ, ಬ್ಯಾಂಡ್ ಸದ್ದು ಕೇಳಿ ಕುದುರೆಗೆ ಆರತಿ ಎತ್ತಿಬಿಟ್ರು. ಕುಂಕುಮಾನೂ ಇಟ್ರು. ಸಾಬ್ರು ಅಳ್ತಾವ್ರೆ. ನಾಲ್ಕು ಹದಿನೈದಾಯ್ತು ಕಣ್ರೀ! ಕೊಂಡಮ್ಮಕ್ಕ ಬಾಗಿಲಲ್ಲೇ ನಿಂತ್ಕೊಂಡು ದಾರಿ ನೋಡ್ತಾವ್ರೆ."

ಆಮೇಲೆ ಫೋನಿನಲ್ಲಿ ಕವಿತಳ ದನಿ ಬಂತು. "ಮಾವ, ಏನಾಗಿದ್ರೂ ಪರವಾಗಿಲ್ಲ ಮಾವ, ನೀವು ಗಾಬರಿ ಆಗ್ಬೇಡಿ." ಗಾಬರಿ ಅವಳ ದನಿಯಲ್ಲೇ ಇತ್ತು. ಆವುಲಪ್ಪನಿಗೆ ಕಣ್ಣು ತುಂಬಿತು. ತನ್ನ ಒಂದು ತೊಟ್ಟಿಲು ಕೊಕ್ಕೆಯಿಂದ ಆ ಮಗುವಿನ ಮದುವೆ ಬೇಕರಿಯ ಮುಂದೆ ನಿಂತುಹೋಯಿತಲ್ಲ ಎಂದು ನಾಚಿಕೆಯಾಯಿತು, ಭಯವೂ ಆಯಿತು. ಗಂಡನ್ನು ಹೊತ್ತುಕೊಂಡು ಹೋಗೋಣವೆಂದರೆ ಸಾರೋಟು ಇಲ್ಲೇ ಉಳಿಯುತ್ತದೆ. ಕುದುರೆ ವಾಪಸ್ಸು ಬರುವುದು ಬ್ಯಾಂಡು ವಾಪಸ್ಸು ಬಂದರೆ ಮಾತ್ರ.

ಅವನು ಕೆಳಗಿಳಿದ. ಪಂಚೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿದ. ಎರಡು ಮರಗಳ ನಡುವೆ ಹೋಗಿ ನಿಂತು, ಜರಿ ಶಲ್ಯವನ್ನು ಎದೆಗೆ ಅಡ್ಡಲಾಗಿ ಸುತ್ತಿ, ಅದರ ಎರಡು ಚುಂಗನ್ನೂ ಗಾಡಿಯ ಅಡ್ಡಮರಕ್ಕೆ ಗಂಟು ಹಾಕಿದ. ಈ ಸಲ ಎಳೆದು ನೋಡಿದ.

"ಮಾವ, ಬೇಡ ಮಾವ," ಎಂದ ಚಿರಂಜೀವಿ.

"ಗಟ್ಟಿಯಾಗಿ ಹಿಡ್ಕೊಳ್ಳಪ್ಪ," ಎಂದು ಆವುಲಪ್ಪ ನೆಲಕ್ಕೆ ಬಿದ್ದಿದ್ದ ಎರಡು ಮರಗಳನ್ನೂ ಕೈಯಲ್ಲಿ ಎತ್ತಿಕೊಂಡ.

ಮಂಚೇನಹಳ್ಳಿಯ ಆ ರಸ್ತೆ ಸಮವಾಗಿದೆ ಎಂದೇ ಎಲ್ಲರೂ ತಿಳಿದಿದ್ದಾರೆ. ಅದು ಏರು ಎಂದು ಅವತ್ತು ಕಂಡುಹಿಡಿದವನು ಆವುಲಪ್ಪ. ಮೊದಲ ಹತ್ತು ಹೆಜ್ಜೆಗೆ ಬೆವರು ಕಿತ್ತುಕೊಂಡಿತು. ಇಪ್ಪತ್ತಕ್ಕೆ ಒಂದು ಚಪ್ಪಲಿ ಹೋಯಿತು. ಟೀ ಅಂಗಡಿಯವರು ಲೋಟ ಹಿಡಿದುಕೊಂಡೇ ಎದ್ದು ನಿಂತರು. ಠಾಣೆಯ ಮುಂದೆ ದಫೇದಾರರು, ಅರ್ಜಿಯಲ್ಲಿ ಕುದುರೆ ಎಂದಿದ್ದದ್ದು ನೆನಪಾಗಿ ಒಂದು ಹೆಜ್ಜೆ ಮುಂದೆ ಬಂದರು. ಆಮೇಲೆ ಎಳೆಯುತ್ತಿರುವವರು ತಜ್ಞರೇ ಎಂದು ಗುರುತು ಸಿಕ್ಕಿ, ಸಲ್ಯೂಟ್ ಹೊಡೆದು ದಾರಿ ಬಿಡಿಸಿದರು.

ಛತ್ರಕ್ಕೆ ನೂರು ಹೆಜ್ಜೆ ಇರುವಾಗ ರಸ್ತೆ ಅಗಲವಾಯಿತು, ಮುನಿಶಾಮಪ್ಪನವರ ಕಾರು ಪಕ್ಕಕ್ಕೆ ಬಂತು. ಗಾಜು ಇಳಿಯಿತು. ಕಾರು ನಿಂತಿತು. ಮುನಿಶಾಮಪ್ಪನವರು ಇಳಿದು ರಸ್ತೆಗೆ ಅಡ್ಡ ಬಂದು ನಿಂತರು. ಛತ್ರದ ಬಾಗಿಲಿನಲ್ಲಿ ಕೊಂಡಮ್ಮ ಕಣ್ಣು ಮುಚ್ಚಿಕೊಂಡಳು. ನಾಲ್ಕು ಇಪ್ಪತ್ತೇಳಾಗಿತ್ತು.

ಮುನಿಶಾಮಪ್ಪನವರು ಖಾಲಿ ಮರಗಳನ್ನು ನೋಡಿದರು, ಶಲ್ಯದ ಗಂಟನ್ನು ನೋಡಿದರು, ಬರಿಗಾಲನ್ನು ನೋಡಿದರು. ಅವರ ಗದ್ದ ಅಲುಗಿತು.

"ಆವುಲಪ್ಪನವ್ರೇ," ಎಂದರು. "ಕುದುರೆ ಬಿಡಿಸ್ಬಿಟ್ಟು... ನೀವೇ ಹೆಗಲು ಕೊಟ್ರಾ?"

ಆವುಲಪ್ಪ ನಡೆದದ್ದನ್ನು ಹೇಳಿಬಿಡೋಣವೆಂದೇ ಬಾಯಿ ತೆರೆದ. ಉಸಿರು ಬಂತೇ ಹೊರತು ಮಾತು ಬರಲಿಲ್ಲ. ಅದನ್ನು ಮುನಿಶಾಮಪ್ಪನವರು ವಿನಯವೆಂದು ತಿಳಿದರು.

"ಐವತ್ತು ಮದುವೆ ನೋಡಿದೀನಿ," ಎಂದು ಶಲ್ಯದಿಂದ ಕಣ್ಣೊರೆಸಿಕೊಂಡು ಸುತ್ತ ಸೇರಿದವರಿಗೆ ಹೇಳಿದರು. "ಸೋದರಮಾವ ಹೆಣ್ಣನ್ನ ಎತ್ಕೊಂಡು ಬರೋದು ಎಲ್ಲಾ ಕಡೆ ಐತೆ. ಗಂಡನ್ನ ಎಳ್ಕೊಂಡು ಬಂದೋರು ಯಾರಾದ್ರೂ ಇದಾರೇನ್ರೋ? ನಮ್ ವಂಶದಲ್ಲಿ ಯಾರಿಗಪ್ಪ ಇಂಥ ಮರ್ಯಾದೆ ಸಿಕ್ಕಿತ್ತು?" ಎಂದವರೇ ಹಿಂದೆ ಹೋಗಿ ಗಾಡಿಯನ್ನು ತಾವೇ ತಳ್ಳಿದರು. ನಾಲ್ಕು ಇಪ್ಪತ್ತೊಂಬತ್ತಕ್ಕೆ ಗಂಗುಲಮ್ಮಜ್ಜಿ ಎರಡನೇ ಆರತಿ ಎತ್ತಿದರು. ಈ ಸಲ ವರಲಕ್ಷ್ಮಮ್ಮ ಅವರ ಕೈ ಹಿಡಿದು ಗಂಡಿನ ಕಡೆಗೇ ತಿರುಗಿಸಿದ್ದಳು.

ಮರುದಿನ ಮುಹೂರ್ತ ಚೆನ್ನಾಗಿ ನಡೆಯಿತು. ಊಟದಲ್ಲಿ ತುಪ್ಪ ಮೂರು ಸಲ ಬಂತು. ಮುನಿಶಾಮಪ್ಪನವರು ಅದನ್ನು ಗಮನಿಸಲೇ ಇಲ್ಲ, ಹಿಂದಿನ ದಿನದ ಮರ್ಯಾದೆಯನ್ನು ಹೇಳಿಕೊಂಡು ಓಡಾಡುತ್ತಿದ್ದರು. ಆದರೆ ಮರ್ಯಾದೆ ಬಲ್ಲವರು ಪಡೆದ ಮರ್ಯಾದೆಯನ್ನು ಸುಮ್ಮನೆ ಇಟ್ಟುಕೊಳ್ಳುವುದಿಲ್ಲ, ಮುಯ್ಯಿ ತೀರಿಸುತ್ತಾರೆ. ಹೆಣ್ಣನ್ನು ಕಳಿಸಿಕೊಡುವ ಹೊತ್ತಿಗೆ ಅವರು ಮೈಕು ಕೈಗೆತ್ತಿಕೊಂಡರು. ಹೆಣ್ಣಿನ ಸೋದರಮಾವ ಮಾಡಿದ್ದನ್ನು ಗಂಡಿನ ಸೋದರಮಾವನೂ ಮಾಡುವರೆಂದೂ, ವಧೂವರರನ್ನು ಸಾರೋಟಿನಲ್ಲಿ ಕೂರಿಸಿ ಕಾರು ನಿಂತಿರುವ ಪೆಟ್ರೋಲ್ ಬಂಕಿನವರೆಗೆ ಎಳೆಯುವರೆಂದೂ ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು.

ಗಂಡಿನ ಸೋದರಮಾವ ಬಯ್ಯಪ್ಪನವರು ಆಗ ಎರಡನೇ ಪಂಕ್ತಿಯಲ್ಲಿ ಪಾಯಸ ಕುಡಿಯುತ್ತಿದ್ದರು. ತೂಕ ತೊಂಬತ್ತೆಂಟು ಕೇಜಿ, ಎರಡೂ ಮೊಣಕಾಲಿಗೆ ಬೆಲ್ಟು. ಪೆಟ್ರೋಲ್ ಬಂಕು ಒಂದೂವರೆ ಕಿಲೋಮೀಟರು. ಅವರನ್ನು ನಾಲ್ಕು ಜನ ಗೌರವದಿಂದ ಕರೆತಂದು ಮರಗಳ ನಡುವೆ ನಿಲ್ಲಿಸಿದರು. ಶಲ್ಯ ಕಟ್ಟುವ ಕೆಲಸ, ತಿಳಿದವರೆಂದು, ಆವುಲಪ್ಪನಿಗೆ ಬಂತು.

ಅವನು ಬಾಗಿ ಗಂಟು ಹಾಕುತ್ತಿದ್ದಾಗ ಬಯ್ಯಪ್ಪನವರು ಕಿವಿಯ ಹತ್ತಿರ ಪಿಸುಗುಟ್ಟಿದರು.

"ನಿಜ ಹೇಳ್ರಪ್ಪ. ನಾನು ಅರವತ್ತು ವರ್ಷದಿಂದ ಮದುವೆ ಊಟ ಮಾಡ್ತಿದೀನಿ. ಇಂಥ ಪದ್ಧತಿ ನಿಮ್ಮಲ್ಲಿ ಐತಾ?"

ಆವುಲಪ್ಪ ತಲೆ ಎತ್ತಿದ. ಸಾರೋಟಿನಲ್ಲಿ ಕವಿತ ಕೂತಿದ್ದಳು. ಅಳುತ್ತಲೂ ಇದ್ದಳು, ಚಿರಂಜೀವಿ ಹೇಳಿದ ಏನೋ ಒಂದಕ್ಕೆ ನಗುತ್ತಲೂ ಇದ್ದಳು. ಕೊಂಡಮ್ಮ ಚಕ್ರದ ಪಕ್ಕ ನಿಂತು ಮಗಳ ಸೆರಗು ಸರಿಮಾಡುತ್ತಿದ್ದಳು. ಮುನಿಶಾಮಪ್ಪನವರು ತಾವೇ ಬಾಗಿ ಬೀಗಿತ್ತಿಯ ಕೈಗೆ ಒಂದು ಲೋಟ ಕಾಫಿ ಕೊಡುತ್ತಿದ್ದರು.

"ಐತೆ," ಎಂದ ಆವುಲಪ್ಪ. ಬಯ್ಯಪ್ಪನವರ ಎದೆಯ ಮೇಲೆ ಇನ್ನೊಂದು ಗಂಟು ಬಿಗಿದು, ಗಾಡಿಯ ಅಡ್ಡಮರಕ್ಕೆ ಕಾಲು ಕೊಟ್ಟು ಎಳೆದು ನೋಡಿ, ಇದು ಏನೇ ಆದರೂ ಬಿಚ್ಚಿಕೊಳ್ಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬ್ಯಾಂಡಿನವರಿಗೆ ಕೈ ತೋರಿಸಿದ.